ಸದ್ದು ಆ ಕೋಣೆಯಲ್ಲಿ, ಕೆಲಸ ಈ ಕೋಣೆಯಲ್ಲಿ: ದೂರದ ಕಂಪ್ಯೂಟರ್‌ನಿಂದ ಮನೆಗೊಂದು ನಿಶ್ಶಬ್ದ ಕಾರ್ಯಸ್ಥಳ

ಕಂಪ್ಯೂಟರ್ ಬಳಸಿ ಕೆಲಸ ಮಾಡುವವರು ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದಲ್ಲಿಯೇ ಕುಳಿತಿರಬೇಕೆಂಬ ನಿಯಮವೇನೂ ಇಲ್ಲ. ಕಣ್ಣಿಗೆ ಬೇಕಾದುದು ಪರದೆ, ಕೈಗೆ ಬೇಕಾದುದು ಕೀಲಿಮಣೆ ಮತ್ತು ಮೌಸ್. ಲೆಕ್ಕ ಹಾಕುವ, ಬಿಸಿಯಾಗುವ, ಬಿಸಿಯಾದುದಕ್ಕೆ ಫ್ಯಾನ್ ತಿರುಗಿಸಿ ಸದ್ದು ಮಾಡುವ ಪೆಟ್ಟಿಗೆ ಪಕ್ಕದ ಕೋಣೆಯಲ್ಲಿದ್ದರೂ ಆದೀತು, ಉಗ್ರಾಣದಲ್ಲಿದ್ದರೂ ಆದೀತು, ಇನ್ನೊಂದು ಊರಿನಲ್ಲಿದ್ದರೂ ಆದೀತು. ‘ರಿಮೋಟ್ ಡೆಸ್ಕ್‌ಟಾಪ್’ ಎಂದು ಕರೆಯಲಾಗುವ ಈ ವ್ಯವಸ್ಥೆಯನ್ನು ಕಚೇರಿಗಳು ಬಹಳ ಕಾಲದಿಂದ ಬಳಸುತ್ತಿವೆ. ಮನೆಯೊಳಗೆ ಮೌನ ತರಲು ಕೂಡ ಇದು ಉಪಯುಕ್ತ ಎಂಬುದು ಮಾತ್ರ ಅನೇಕರಿಗೆ ಹೊಳೆದಿಲ್ಲ.

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದಾಗ ಸಾವಿರಾರು ಮನೆಗಳು ರಾತ್ರೋರಾತ್ರಿ ಕಚೇರಿಗಳಾದವು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಹೊರಗುತ್ತಿಗೆ ಸೇವಾ ಸಂಸ್ಥೆಗಳ ಮೇಲಿದ್ದ ನಿಬಂಧನೆಗಳನ್ನು ಸಡಿಲಿಸಿ, ಮನೆಯಿಂದಲೇ ಕೆಲಸ ಮಾಡಿಸಲು ದಾರಿ ಸುಗಮಗೊಳಿಸಿತು. ಸೋಂಕು ಇಳಿದ ಮೇಲೂ ಈ ಪದ್ಧತಿ ಪೂರ್ತಿಯಾಗಿ ಹೋಗಲಿಲ್ಲ. ಎರಡು ಕೋಣೆಗಳ ಮನೆಯಲ್ಲಿ ಅಮೆರಿಕದ ಗ್ರಾಹಕರಿಗಾಗಿ ನಡುರಾತ್ರಿ ಕೆಲಸ ಮಾಡುವ ಮಗ, ಬೆಳಗಿನ ಜಾವ ಎದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವ ಮಗಳು, ನಿದ್ದೆ ಹತ್ತದ ಅಜ್ಜಿ ಒಂದೇ ಗೋಡೆಯ ಆಚೀಚೆ ಇರುವುದು ನಮ್ಮಲ್ಲಿ ಅಪರೂಪದ ಸಂಗತಿಯಲ್ಲ. ಇನ್ನು ಮನೆಯಲ್ಲೇ ಕುಳಿತು ಕನ್ನಡ ಪುಸ್ತಕಗಳನ್ನು ಧ್ವನಿಮುದ್ರಿಸುವವರಿಗೆ, ಪಾಠ ಹೇಳುವವರಿಗೆ, ಪಕ್ಕದಲ್ಲಿ ಗುಂಯ್‌ಗುಟ್ಟುವ ಪೆಟ್ಟಿಗೆ ನೇರ ಶತ್ರು.

ಸದ್ದಿನ ಮೂಲ ಎಲ್ಲಿ?

ಕಂಪ್ಯೂಟರನ್ನು ಆಚೆ ಸಾಗಿಸುವ ಮುನ್ನ ಅದು ಏಕೆ ಸದ್ದು ಮಾಡುತ್ತಿದೆ ಎಂಬುದನ್ನು ನೋಡುವುದು ಒಳಿತು. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಫ್ಯಾನ್‌ಗಳಿರುತ್ತವೆ: ಸಂಸ್ಕಾರಕದ ಮೇಲೊಂದು, ವಿದ್ಯುತ್ ಪೂರೈಕೆಯ ಡಬ್ಬಿಯಲ್ಲೊಂದು, ಚಿತ್ರ ಸಂಸ್ಕರಣೆಯ ಕಾರ್ಡ್ ಇದ್ದರೆ ಅದರ ಮೇಲೊಂದೆರಡು. ಇವುಗಳ ಜೊತೆಗೆ ಹಳೆಯ ಬಗೆಯ ಹಾರ್ಡ್‌ಡಿಸ್ಕ್‌ನ ತಿರುಗುವ ತಟ್ಟೆಗಳ ಸದ್ದು. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದರ ಸದ್ದು ಸುಮಾರು 15 ಡೆಸಿಬಲ್‌ಗಳಷ್ಟು ಕುಸಿಯುತ್ತದೆ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧದಷ್ಟಾದಂತೆ ಭಾಸವಾಗುತ್ತದೆಯಾದ್ದರಿಂದ ಇದು ಸಣ್ಣ ವ್ಯತ್ಯಾಸವಲ್ಲ. ಧೂಳು ಮೆತ್ತಿಕೊಂಡ ಯಂತ್ರದಲ್ಲಿ ಫ್ಯಾನ್ ತನ್ನ ಗರಿಷ್ಠ ವೇಗದಲ್ಲೇ ಓಡುತ್ತಿರುತ್ತದೆ. ಒಂದು ಮೆತ್ತನೆಯ ಬ್ರಶ್‌ನಿಂದ ಧೂಳು ತೆಗೆದು, ತಿರುಗುವ ಡಿಸ್ಕ್‌ನ ಜಾಗದಲ್ಲಿ ಸದ್ದೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದ ಮಾತ್ರಕ್ಕೆ ಅರ್ಧ ಸಮಸ್ಯೆ ಬಗೆಹರಿದ ಉದಾಹರಣೆಗಳು ಸಾಕಷ್ಟಿವೆ. ಅಷ್ಟಕ್ಕೇ ಸಮಾಧಾನವಾಗುವುದಾದರೆ ಮುಂದಿನ ಸಾಹಸ ಬೇಕಿಲ್ಲ.

ಇನ್ನೊಂದು ಮಾತು. ಸೀಲಿಂಗ್ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತಿರುವ ಕೋಣೆಯಲ್ಲಿ ಕಂಪ್ಯೂಟರ್‌ನ ಸದ್ದನ್ನು ದೂರುವುದು ಅಷ್ಟೇನೂ ನ್ಯಾಯವಲ್ಲ. ದೊಡ್ಡ ಸದ್ದು ಇರುವಲ್ಲಿ ಸಣ್ಣ ಸದ್ದನ್ನು ತೆಗೆದರೂ ಕಿವಿಗೆ ಗೊತ್ತಾಗುವುದಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಮಲಗುವ ಕೋಣೆಯೊಳಗೆ ರಾತ್ರಿಯ ಹೊತ್ತು 30 ಡೆಸಿಬಲ್ ಮೀರಬಾರದು ಎನ್ನುತ್ತದೆ. ಹೆದ್ದಾರಿಯ ಪಕ್ಕದ ಮನೆಯವರು ಮೊದಲು ಕಿಟಕಿಯ ಕಡೆ ನೋಡಬೇಕು. ಒಳರಸ್ತೆಯ, ರಾತ್ರಿ ನಿಶ್ಶಬ್ದವಾಗುವ ಮನೆಯವರಿಗೆ ಮಾತ್ರ ಕಂಪ್ಯೂಟರ್‌ನ ಸದ್ದು ನಿಜವಾದ ಸಮಸ್ಯೆ; ಈ ಲೇಖನ ಅಂಥವರಿಗೆ.

ಹಳೆಯ ವಿಚಾರ, ಹೊಸ ಉಪಯೋಗ

ದೂರದ ಯಂತ್ರವನ್ನು ಇಲ್ಲಿಂದ ನಡೆಸುವ ಕಲ್ಪನೆ ವೈಯಕ್ತಿಕ ಕಂಪ್ಯೂಟರ್‌ಗಿಂತಲೂ ಹಳೆಯದು. 1960ರ ದಶಕದಲ್ಲಿ ಒಂದೇ ದೊಡ್ಡ ಗಣಕಯಂತ್ರವನ್ನು ಹಲವರು ತಮ್ಮ ತಮ್ಮ ಟೆಲಿಟೈಪ್‌ಗಳ ಮುಂದೆ ಕುಳಿತು ಹಂಚಿಕೊಳ್ಳುತ್ತಿದ್ದರು (ಆ ಟೆಲಿಟೈಪ್ ಮಾಡುತ್ತಿದ್ದ ಸದ್ದಿನ ಮುಂದೆ ಇಂದಿನ ಫ್ಯಾನ್ ಏನೇನೂ ಅಲ್ಲ). ಒಂದು ಯಂತ್ರದಲ್ಲಿ ಓಡುವ ತಂತ್ರಾಂಶದ ಚಿತ್ರವನ್ನು ಇನ್ನೊಂದು ಯಂತ್ರದ ಪರದೆಯಲ್ಲಿ ಮೂಡಿಸುವ ‘ಎಕ್ಸ್ ವಿಂಡೋ’ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡಿತು. ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಶೋಧನಾಲಯವೊಂದರಲ್ಲಿ 1990ರ ದಶಕದಲ್ಲಿ ‘ವಿಎನ್‌ಸಿ’ ಹುಟ್ಟಿತು. ಮೈಕ್ರೋಸಾಫ್ಟ್ 1998ರಲ್ಲಿ ವಿಂಡೋಸ್ ಎನ್‌ಟಿಯ ಟರ್ಮಿನಲ್ ಸರ್ವರ್ ಆವೃತ್ತಿಯೊಡನೆ ‘ಆರ್‌ಡಿಪಿ’ಯನ್ನು ತಂದಿತು. ಇಂದು ಮನೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಈ ಕೊನೆಯ ಎರಡು, ಅಥವಾ ಅವುಗಳ ಸಂತತಿ.

ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ವಿಎನ್‌ಸಿ ಸಾಮಾನ್ಯವಾಗಿ ಆ ಯಂತ್ರದ ಪರದೆಯಲ್ಲಿ ಕಾಣುವುದನ್ನೇ ಇಲ್ಲಿಗೂ ತೋರಿಸುತ್ತದೆ. ಅಂದರೆ ಅಲ್ಲಿ ಪರದೆ ಜೋಡಿಸಿದ್ದರೆ ಇಲ್ಲಿ ಬರೆಯುವ ಪತ್ರವನ್ನು ಅಲ್ಲಿ ನಿಂತವರೂ ಓದಬಹುದು. ವಿಂಡೋಸ್‌ನ ಆರ್‌ಡಿಪಿಯಲ್ಲಿ ಸಂಪರ್ಕ ಸಿಕ್ಕೊಡನೆ ಅಲ್ಲಿನ ಪರದೆಗೆ ಬೀಗ ಬೀಳುತ್ತದೆ. ಕಚೇರಿಯ ಗೋಪ್ಯ ಕಡತಗಳೊಡನೆ ಕೆಲಸ ಮಾಡುವವರು ಇದನ್ನು ನೆನಪಿಡಬೇಕು.

ಪೆಟ್ಟಿಗೆಯನ್ನು ಎಲ್ಲಿಡಬೇಕು?

ನಮ್ಮ ಮನೆಗಳಲ್ಲಿ ಇದಕ್ಕೆ ಹೊಳೆಯುವ ಜಾಗಗಳು ಮೆಟ್ಟಿಲ ಕೆಳಗಿನ ಸಂದು, ಉಗ್ರಾಣ, ಅಟ್ಟ, ಬೀರುವಿನ ಕೆಳಖಾನೆ. ಇವುಗಳಲ್ಲಿ ಬೀರುವನ್ನು ಮೊದಲೇ ಕೈಬಿಡುವುದು ಲೇಸು. ಬಾಗಿಲು ಮುಚ್ಚಿದ ಬೀರುವಿನಲ್ಲಿ ಬಿಸಿಗಾಳಿ ಹೊರಹೋಗದೆ ಫ್ಯಾನ್ ಇನ್ನಷ್ಟು ವೇಗವಾಗಿ ತಿರುಗುತ್ತದೆ, ಕೊನೆಗೆ ಯಂತ್ರವೇ ತನ್ನ ರಕ್ಷಣೆಗಾಗಿ ಆರಿಹೋಗುತ್ತದೆ. ಹೆಂಚಿನ ಮನೆಯ ಅಟ್ಟ ಏಪ್ರಿಲ್ ತಿಂಗಳಲ್ಲಿ ಒಲೆಯಂತಾಗುವುದು ಎಲ್ಲರಿಗೂ ಗೊತ್ತಿರುವುದೇ. ಕರಾವಳಿಯಲ್ಲಾದರೆ ಮಳೆಗಾಲದ ತೇವ, ಉಪ್ಪುಗಾಳಿ. ಅಕ್ಕಿ ಮೂಟೆಯ ಪಕ್ಕದಲ್ಲಿಟ್ಟರೆ ಇರುವೆ, ಇಲಿ, ಬೆಚ್ಚಗಿನ ಜಾಗ ಹುಡುಕುವ ಹಲ್ಲಿ. ನೆಲದಿಂದ ಒಂದಡಿ ಎತ್ತರದಲ್ಲಿ, ಹಿಂಬದಿಗೆ ಒಂದು ಗೇಣು ಜಾಗ ಬಿಟ್ಟು, ಗಾಳಿಯಾಡುವ ಉಗ್ರಾಣದಲ್ಲೋ ಯಾರೂ ಮಲಗದ ಕೋಣೆಯಲ್ಲೋ ಇಡುವುದೇ ಸರಿ.

ಬಾಗಿಲು ಮುಚ್ಚಿದ ಮೇಲೂ ಸದ್ದು ಕೇಳುತ್ತಿದ್ದರೆ ಅದು ಬರುವುದು ಗೋಡೆಯಿಂದಲ್ಲ, ಬಾಗಿಲ ಕೆಳಗಿನ ಸಂದಿನಿಂದ. ಇಟ್ಟಿಗೆಯ ಗೋಡೆ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಬೆರಳಗಲದ ಸಂದು ತಡೆಯುವುದಿಲ್ಲ. ಹಳೆಯ ಪಂಚೆಯನ್ನು ಸುರುಳಿ ಸುತ್ತಿಟ್ಟರೂ ಸಾಕು. ಆದರೆ ಆ ಕೋಣೆಗೆ ಕಿಟಕಿಯೋ ಗವಾಕ್ಷಿಯೋ ಇರಲೇಬೇಕು.

ಇಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ. ಪರದೆ ಮತ್ತು ಕೀಲಿಮಣೆಯ ತಂತಿಗಳನ್ನೇ ಉದ್ದ ಮಾಡಿ ಗೋಡೆಯಾಚೆಗೆ ಎಳೆದರಾಗದೆ? ಪೆಟ್ಟಿಗೆ ಗೋಡೆಯ ಆ ಬದಿಗೇ ಇದ್ದರೆ ಖಂಡಿತ ಆಗುತ್ತದೆ. ಅದಕ್ಕಿಂತ ಸರಳ ಉಪಾಯವಿಲ್ಲ. ಆದರೆ ಸಾಮಾನ್ಯ ಯುಎಸ್‌ಬಿ 2.0 ತಂತಿಯ ಮಿತಿ 5 ಮೀಟರ್. ಎಚ್‌ಡಿಎಂಐ ತಂತಿಯೂ ಉದ್ದವಾದಷ್ಟು ಕೈಕೊಡುತ್ತದೆ. ನೆಟ್‌ವರ್ಕ್‌ನ ಈಥರ್ನೆಟ್ ಕೇಬಲ್ ಆದರೋ 100 ಮೀಟರ್‌ವರೆಗೆ ನಿಶ್ಚಿಂತೆಯಿಂದ ಓಡುತ್ತದೆ. ಆದ್ದರಿಂದಲೇ ಒಂದೆರಡು ಕೋಣೆ ದಾಟಬೇಕಾದ ಕಡೆ ರಿಮೋಟ್ ಡೆಸ್ಕ್‌ಟಾಪ್ ಗೆಲ್ಲುತ್ತದೆ.

ಮೇಜಿನ ಮೇಲೆ ಏನಿರಬೇಕು?

ಕುಳಿತು ಕೆಲಸ ಮಾಡುವ ಕಡೆ ಪರದೆಯ ಚಿತ್ರವನ್ನು ಬಿಡಿಸುವಷ್ಟು ಶಕ್ತಿಯ ಸಣ್ಣ ಯಂತ್ರ ಸಾಕು. ಫ್ಯಾನ್ ಇಲ್ಲದ ಪುಟ್ಟ ಕಂಪ್ಯೂಟರ್‌ಗಳು ಮಾರುಕಟ್ಟೆಯಲ್ಲಿವೆ. 2012ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳ ಕಲಿಕೆಗೆಂದು ಬಿಡುಗಡೆಯಾದ ರಾಸ್‌ಬೆರಿ ಪೈ ಸರಣಿಯ ಅಂಗೈಯಗಲದ ಫಲಕಗಳೂ ಈ ಕೆಲಸಕ್ಕೆ ಒದಗುತ್ತವೆ. 2019ರ ನಾಲ್ಕನೆಯ ಆವೃತ್ತಿಯನ್ನು ಲೋಹದ ಕವಚದಲ್ಲಿಟ್ಟು ಫ್ಯಾನ್ ಇಲ್ಲದೆಯೇ ನಡೆಸಬಹುದು. 2023ರ ಐದನೆಯ ಆವೃತ್ತಿ ಹೆಚ್ಚು ಬಿಸಿಯಾಗುವುದರಿಂದ ಅದಕ್ಕೆ ಫ್ಯಾನ್ ಸಹಿತದ ಶೀತಕವನ್ನು ತಯಾರಕರೇ ಶಿಫಾರಸು ಮಾಡುತ್ತಾರೆ. ಮೌನಕ್ಕಾಗಿ ಕೊಳ್ಳುವವರು ಹೊಸದೇ ಉತ್ತಮ ಎಂದುಕೊಳ್ಳಬಾರದು.

ಹೊಸದಾಗಿ ಖರ್ಚು ಮಾಡಲಿಚ್ಛಿಸದವರಿಗೆ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಇದ್ದೇ ಇದೆ. ಅದರಲ್ಲೂ ಫ್ಯಾನ್ ಇರುತ್ತದೆ ನಿಜ, ಆದರೆ ಬರೀ ಚಿತ್ರ ತೋರಿಸುವ ಹಗುರ ಕೆಲಸಕ್ಕೆ ಅದು ಹೆಚ್ಚಾಗಿ ತಿರುಗುವುದೇ ಇಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹನ್ನೊಂದನೆಯ ಆವೃತ್ತಿ ಹಿಡಿಸದ ಹಳೆಯ ಲ್ಯಾಪ್‌ಟಾಪ್‌ಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿಕೊಂಡು ಬಳಸುವುದು ಸುರಕ್ಷಿತ.

ಉಗ್ರಾಣ ಸೇರುವ ದೊಡ್ಡ ಯಂತ್ರದಲ್ಲಿ ವಿಂಡೋಸ್ ಇದ್ದರೆ ಅದು ‘ಪ್ರೊ’ ಆವೃತ್ತಿಯಾಗಿರಬೇಕು. ‘ಹೋಮ್’ ಆವೃತ್ತಿಯಿಂದ ಬೇರೆ ಯಂತ್ರವನ್ನು ನೋಡಬಹುದೇ ಹೊರತು ಅದನ್ನೇ ಬೇರೆಡೆಯಿಂದ ಆರ್‌ಡಿಪಿ ಮೂಲಕ ನಡೆಸಲು ಬರುವುದಿಲ್ಲ. ಈ ಒಂದು ಸಂಗತಿ ತಿಳಿಯದೆ ಇಡೀ ಭಾನುವಾರ ಕಳೆದವರಿದ್ದಾರೆ. ಹೋಮ್ ಇರುವವರು ವಿಎನ್‌ಸಿಯನ್ನೋ ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪನ್ನೋ ಅವಲಂಬಿಸಬಹುದು. ಮ್ಯಾಕ್‌ನಲ್ಲಿ ‘ಸ್ಕ್ರೀನ್ ಶೇರಿಂಗ್’ ಒಳಗೇ ಇರುತ್ತದೆ.

ಪ್ರೊ ಆವೃತ್ತಿಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಂ ವಿಭಾಗದಲ್ಲಿ ‘ರಿಮೋಟ್ ಡೆಸ್ಕ್‌ಟಾಪ್’ ಎಂಬುದನ್ನು ಚಾಲೂ ಮಾಡಿದರೆ ಅರ್ಧ ಕೆಲಸವಾಯಿತು. ಖಾತೆಗೆ ಪಾಸ್‌ವರ್ಡ್ ಇರಲೇಬೇಕು. ದಿನವೂ ನಾಲ್ಕಂಕಿಯ ಪಿನ್ ಒತ್ತಿ ಒಳಹೋಗುವ ಅಭ್ಯಾಸದವರು ಖಾತೆಯ ನಿಜವಾದ ಪಾಸ್‌ವರ್ಡನ್ನು ಮರೆತಿರುವುದುಂಟು; ದೂರದಿಂದ ಪಿನ್ ಕೆಲಸಕ್ಕೆ ಬಾರದು. ಯಂತ್ರ ತಾನಾಗಿ ನಿದ್ದೆಗೆ ಜಾರದಂತೆ ಪವರ್ ಸೆಟ್ಟಿಂಗ್ ಬದಲಿಸಬೇಕು. ರೂಟರ್‌ನಲ್ಲಿ ಆ ಯಂತ್ರಕ್ಕೆಂದೇ ಒಂದು ವಿಳಾಸವನ್ನು, ಉದಾಹರಣೆಗೆ 192.168.1.50 ಎಂಬುದನ್ನು ಕಾಯ್ದಿರಿಸಬೇಕು. ಇಲ್ಲವಾದರೆ ವಿದ್ಯುತ್ ಹೋಗಿ ಬಂದಾಗ ವಿಳಾಸ ಬದಲಾಗಿ, ನಿನ್ನೆ ಸಿಕ್ಕ ಕಂಪ್ಯೂಟರ್ ಇಂದು ಸಿಗದಂತಾಗುತ್ತದೆ. ವಿಎನ್‌ಸಿ ಬಳಸುವವರಿಗೆ ಇನ್ನೊಂದು ತೊಡಕು: ಪರದೆಯನ್ನು ಕಿತ್ತಿಟ್ಟ ಯಂತ್ರ ಚಿತ್ರವನ್ನೇ ಸಿದ್ಧಪಡಿಸದಿರಬಹುದು, ಅಥವಾ ತೀರ ಸಣ್ಣ ಚಿತ್ರ ಕಳಿಸಬಹುದು. ಪರದೆ ಇದೆಯೆಂದು ಯಂತ್ರವನ್ನು ನಂಬಿಸುವ ‘ಡಮ್ಮಿ ಪ್ಲಗ್’ ಎಂಬ ಹೆಬ್ಬೆರಳು ಗಾತ್ರದ ಎಚ್‌ಡಿಎಂಐ ತುಣುಕು ಇದಕ್ಕೆ ಪರಿಹಾರ.

ವೇಗಕ್ಕಿಂತ ವಿಳಂಬವೇ ಮುಖ್ಯ

ರಿಮೋಟ್ ಡೆಸ್ಕ್‌ಟಾಪ್ ಎಂದೊಡನೆ ಅಂತರಜಾಲದ ವೇಗ ಎಷ್ಟಿರಬೇಕು ಎಂದು ಕೇಳುವವರೇ ಹೆಚ್ಚು. ಎರಡೂ ಯಂತ್ರಗಳು ಒಂದೇ ಮನೆಯ ರೂಟರ್‌ಗೆ ಜೋಡಣೆಯಾಗಿದ್ದರೆ ಆರ್‌ಡಿಪಿಗೂ ವಿಎನ್‌ಸಿಗೂ ಅಂತರಜಾಲವೇ ಬೇಡ. ಬ್ರಾಡ್‌ಬ್ಯಾಂಡ್ ಸಂಪರ್ಕ ದಿನವಿಡೀ ಸತ್ತು ಬಿದ್ದಿದ್ದರೂ ಕೋಣೆಯಿಂದ ಕೋಣೆಗೆ ಕೆಲಸ ಸಾಗುತ್ತದೆ.

ಸಾಮಾನ್ಯ ಗಾತ್ರದ ಪರದೆಯೊಂದರಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕಿಗಳಿರುತ್ತವೆ. ಪ್ರತಿ ಚುಕ್ಕಿಯ ಬಣ್ಣಕ್ಕೆ 24 ಬಿಟ್‌ಗಳಂತೆ ಸೆಕೆಂಡಿಗೆ 60 ಸಲ ಇಡೀ ಚಿತ್ರವನ್ನು ಕಳಿಸುವುದಾದರೆ ಸುಮಾರು 3 ಗಿಗಾಬಿಟ್ ವೇಗ ಬೇಕಾಗುತ್ತದೆ. ಯಾರೂ ಹಾಗೆ ಕಳಿಸುವುದಿಲ್ಲ. ಬದಲಾದ ಭಾಗವನ್ನಷ್ಟೇ ಹಿಂಡಿ ಕುಗ್ಗಿಸಿ ಕಳಿಸುವುದರಿಂದ ಬರವಣಿಗೆ, ಲೆಕ್ಕಪತ್ರದಂಥ ಕೆಲಸಗಳಿಗೆ ಕೆಲವೇ ಮೆಗಾಬಿಟ್‌ಗಳು ಸಾಕಾಗುತ್ತವೆ.

ಕಿರಿಕಿರಿಯ ಮೂಲ ಬೇರೆ. ಇಲ್ಲಿ ಒತ್ತಿದ ಅಕ್ಷರ ಅಲ್ಲಿಗೆ ಹೋಗಿ, ಅಲ್ಲಿನ ಚಿತ್ರ ಬದಲಾಗಿ, ಮರಳಿ ಇಲ್ಲಿಗೆ ಬರಬೇಕು. ಈ ಸುತ್ತು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ಅಂದರೆ 100 ಮಿಲಿಸೆಕೆಂಡ್‌ನೊಳಗೆ ಮುಗಿದರೆ ಮನುಷ್ಯನಿಗೆ ತಕ್ಷಣ ನಡೆದಂತೆ ಅನಿಸುತ್ತದೆ. ಮನೆಯೊಳಗೆ ತಂತಿಯ ಮೂಲಕ ಸಂದೇಶ ಹೋಗಿ ಬರಲು ಒಂದು ಮಿಲಿಸೆಕೆಂಡೂ ಬೇಡ. ವೈಫೈನಲ್ಲಿ ಕೆಲವು ಮಿಲಿಸೆಕೆಂಡ್‌ಗಳು. ಆದರೆ ಪಕ್ಕದ ಮನೆಗಳ ವೈಫೈ, ಅಡುಗೆಮನೆಯ ಮೈಕ್ರೋವೇವ್ ಇತ್ಯಾದಿಗಳಿಂದ ಅದು ಒಮ್ಮೊಮ್ಮೆ ಹಿಗ್ಗುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಇದು ದೊಡ್ಡ ಪೀಡೆ. ಕನಿಷ್ಠ ಉಗ್ರಾಣದ ಯಂತ್ರವನ್ನಾದರೂ ತಂತಿಯಿಂದಲೇ ರೂಟರ್‌ಗೆ ಜೋಡಿಸಬೇಕು.

ಊರಾಚೆಗಿನ ಯಂತ್ರವಾದರೆ ಭೂಗೋಳವೇ ಅಡ್ಡಬರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ಕೇಬಲ್ ದಾರಿ ಸಾವಿರ ಕಿ.ಮೀ. ಎಂದಿಟ್ಟುಕೊಂಡರೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್. ಅಮೆರಿಕದ ಪಶ್ಚಿಮ ಕರಾವಳಿ ನೇರ ಅಳತೆಯಲ್ಲೇ ಸುಮಾರು 14,000 ಕಿ.ಮೀ. ದೂರವಿರುವುದರಿಂದ 140 ಮಿಲಿಸೆಕೆಂಡ್‌ಗಿಂತ ಕಡಿಮೆಯಾಗಲು ಸಾಧ್ಯವೇ ಇಲ್ಲ. ವಾಸ್ತವದಲ್ಲಿ ಇನ್ನೂ ಹೆಚ್ಚು. ಎಷ್ಟೇ ದುಬಾರಿಯ ಬ್ರಾಡ್‌ಬ್ಯಾಂಡ್ ಯೋಜನೆ ಕೊಂಡರೂ ಈ ಅಂತರ ಕರಗದು. ಅಮೆಜಾನ್ ತನ್ನ ದತ್ತಾಂಶ ಕೇಂದ್ರಗಳನ್ನು ಮುಂಬೈಯಲ್ಲಿ 2016ರಲ್ಲಿ, ಹೈದರಾಬಾದಿನಲ್ಲಿ 2022ರಲ್ಲಿ ತೆರೆಯಿತು. ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರನ್ನು ಬಾಡಿಗೆಗೆ ಪಡೆಯುವವರು ಹತ್ತಿರದ ಕೇಂದ್ರವನ್ನೇ ಆರಿಸಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಆರಿಸಲು ಮರೆತರೆ ಮೀಟರ್ ಓಡುತ್ತಲೇ ಇರುತ್ತದೆ ಎಂಬುದೂ ನೆನಪಿರಲಿ. ಸಾಮಾನ್ಯ ಗೃಹಬಳಕೆಗೆ ಬಾಡಿಗೆಯ ಯಂತ್ರಕ್ಕಿಂತ ಉಗ್ರಾಣದ ಸ್ವಂತ ಯಂತ್ರವೇ ಮೇಲು.

ಹೊರಗಿದ್ದಾಗ ಮನೆಯ ಯಂತ್ರವನ್ನು ಬಳಸುವವರು ಗಮನಿಸಬೇಕಾದುದು ಅಪ್‌ಲೋಡ್ ವೇಗವನ್ನು. ಆಗ ಚಿತ್ರ ಕಳಿಸುವುದು ಮನೆ, ಪಡೆಯುವುದು ಹೊರಗಿನವರು. ಬಿಎಸ್ಸೆನ್ನೆಲ್ 2005ರಲ್ಲಿ ‘ಡಾಟಾಒನ್’ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ದೂರವಾಣಿಯ ತಾಮ್ರದ ತಂತಿಯಲ್ಲಿ ಮೇಲ್ಮುಖ ವೇಗ ಬಹಳ ಕಡಿಮೆ ಇರುತ್ತಿತ್ತು. ಈಗಿನ ಫೈಬರ್ ಸಂಪರ್ಕಗಳಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ಕನ್ನಡ ಬೆರಳಚ್ಚಿನ ಗೊಂದಲ

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ವಿಶೇಷ ಸಮಸ್ಯೆ ಕಾದಿರುತ್ತದೆ. ನುಡಿ, ಬರಹ ಅಥವಾ ವಿಂಡೋಸ್‌ನದೇ ಕನ್ನಡ ಕೀಲಿಮಣೆ, ಯಾವುದೇ ಇರಲಿ, ಒತ್ತಿದ ಕೀಲಿಯನ್ನು ಕನ್ನಡ ಅಕ್ಷರವಾಗಿಸುವ ಕೆಲಸ ಎರಡರಲ್ಲಿ ಒಂದು ಯಂತ್ರದಲ್ಲಿ ಮಾತ್ರ ನಡೆಯಬೇಕು. ಆರ್‌ಡಿಪಿಯಲ್ಲಿ ಸಾಮಾನ್ಯವಾಗಿ ದಾಟಿಹೋಗುವುದು ಅಕ್ಷರವಲ್ಲ, ‘ಇಂಥ ಕೀಲಿ ಒತ್ತಲ್ಪಟ್ಟಿತು’ ಎಂಬ ಸಂಕೇತ. ಮೇಜಿನ ಮೇಲಿನ ಯಂತ್ರದಲ್ಲೂ ಉಗ್ರಾಣದ ಯಂತ್ರದಲ್ಲೂ ಕನ್ನಡ ತಂತ್ರಾಂಶ ಚಾಲೂ ಇದ್ದರೆ ಒತ್ತಕ್ಷರಗಳು ಕಲಸಿ ಓದಲಾಗದ ಪಠ್ಯ ಮೂಡುತ್ತದೆ. ಕನ್ನಡ ತಂತ್ರಾಂಶವನ್ನು ದೂರದ ಯಂತ್ರದಲ್ಲಿ ಮಾತ್ರ ಚಾಲೂ ಇಟ್ಟು, ಮೇಜಿನ ಯಂತ್ರವನ್ನು ಇಂಗ್ಲಿಷ್ ಕೀಲಿಮಣೆಯಲ್ಲಿ ಬಿಡುವುದೇ ಸುಲಭ. ಕನ್ನಡ ಅಕ್ಷರವಿನ್ಯಾಸದ ಫಾಂಟ್‌ಗಳೂ ಅಲ್ಲಿರಬೇಕು, ಇಲ್ಲಲ್ಲ.

ಸಭೆ, ಧ್ವನಿಮುದ್ರಣ

ಎಲ್ಲ ಕೆಲಸವನ್ನೂ ದೂರದ ಯಂತ್ರಕ್ಕೆ ತಳ್ಳುವುದು ಜಾಣತನವಲ್ಲ. ವಿಡಿಯೊ ಸಭೆಯನ್ನು ಉಗ್ರಾಣದ ಯಂತ್ರದಲ್ಲಿ ತೆರೆದರೆ ಧ್ವನಿ ಮತ್ತು ಚಿತ್ರ ಎರಡೆರಡು ಬಾರಿ ಪ್ರಯಾಣ ಮಾಡಬೇಕಾಗುತ್ತದೆ. ತುಟಿ ಒಂದು ಕಡೆ, ಮಾತು ಒಂದು ಕಡೆ. ಸಭೆಯನ್ನು ಎದುರಿಗಿರುವ ಸಣ್ಣ ಯಂತ್ರದಲ್ಲೋ ಫೋನಿನಲ್ಲೋ ನಡೆಸಿ, ಕಡತಗಳ ಕೆಲಸವನ್ನಷ್ಟೇ ಅಲ್ಲಿಗೆ ಬಿಡಬೇಕು. ಧ್ವನಿಮುದ್ರಣಕ್ಕೂ ಅಷ್ಟೇ. ಮೈಕನ್ನು ಫ್ಯಾನ್ ಇಲ್ಲದ ಎದುರಿನ ಯಂತ್ರಕ್ಕೆ ಜೋಡಿಸಿ ಮುದ್ರಿಸಿಕೊಂಡು, ಕಡತವನ್ನು ದೊಡ್ಡ ಯಂತ್ರಕ್ಕೆ ಕಳಿಸಿ ಅಲ್ಲಿ ಸಂಕಲನ ಮಾಡುವ ಕ್ರಮ ಚೆನ್ನ. ಯಂತ್ರದ ಸದ್ದು ಹೋದ ಮೇಲೆ ಕೋಣೆಯದೇ ಪ್ರತಿಧ್ವನಿ ಕೇಳತೊಡಗುತ್ತದೆ. ಗ್ರಾನೈಟ್, ಟೈಲ್ಸ್ ನೆಲದ ಬರಿಗೋಡೆಯ ಕೋಣೆಯಲ್ಲಿ ಇದು ಹೆಚ್ಚು. ದಪ್ಪ ಪರದೆಬಟ್ಟೆ, ಜಮಖಾನ, ತುಂಬಿದ ಪುಸ್ತಕದ ಕಪಾಟು, ಗೋಡೆಗೊರಗಿಸಿದ ಹತ್ತಿಯ ಹಾಸಿಗೆ ಇವೇ ಸಾಕಷ್ಟು ಪರಿಹಾರ. ಕುಕ್ಕರ್‌ನ ಸೀಟಿಗೆ ಮಾತ್ರ ಯಾವ ತಂತ್ರಾಂಶದಲ್ಲೂ ಮದ್ದಿಲ್ಲ. ಮನೆಯವರೊಡನೆ ಸಮಯದ ಒಪ್ಪಂದ ಮಾಡಿಕೊಳ್ಳಬೇಕಷ್ಟೆ.

ವಿದ್ಯುತ್ ಮತ್ತು ಸಿಡಿಲು

ಕೆಲಸವಿಲ್ಲದೆ ಸುಮ್ಮನೆ ಉರಿಯುವಾಗಲೂ 60 ವಾಟ್ ಎಳೆಯುವ ಯಂತ್ರ ಹಗಲೂ ರಾತ್ರಿ ಚಾಲೂ ಇದ್ದರೆ ತಿಂಗಳಿಗೆ 43 ಯೂನಿಟ್ ದಾಟುತ್ತದೆ. ದಿನಕ್ಕೆ 8 ಗಂಟೆ ಮಾತ್ರವಾದರೆ ಅದರ ಮೂರರಲ್ಲೊಂದು ಪಾಲು. ಇದಕ್ಕಾಗಿ ‘ವೇಕ್ ಆನ್ ಲ್ಯಾನ್’ ಎಂಬ ಸೌಲಭ್ಯವಿದೆ. ನಿದ್ರಿಸುತ್ತಿರುವ ಯಂತ್ರಕ್ಕೆ ಅದರದೇ ನೆಟ್‌ವರ್ಕ್ ಗುರುತನ್ನು 16 ಬಾರಿ ಹೊತ್ತ ಪುಟ್ಟ ಸಂದೇಶವೊಂದನ್ನು ಕಳಿಸಿದರೆ ಅದು ಎಚ್ಚರಗೊಳ್ಳುತ್ತದೆ. ಬಯೋಸ್‌ನಲ್ಲಿ ಇದನ್ನು ಚಾಲೂ ಮಾಡಿರಬೇಕು, ತಂತಿಯ ಸಂಪರ್ಕವೂ ಇರಬೇಕು. ಈ ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆಯೆಂದು ಖಾತ್ರಿಯಾದ ಮೇಲೆ ಯಂತ್ರವನ್ನು ನಿದ್ದೆಗೆ ಬಿಡಬಹುದು. ವಿದ್ಯುತ್ ಹೋಗಿ ಬಂದಾಗ ಯಂತ್ರ ತಾನೇ ಚಾಲೂ ಆಗುವಂತೆ ಮಾಡುವ ಆಯ್ಕೆಯೂ ಬಯೋಸ್‌ನಲ್ಲೇ ಸಿಗುತ್ತದೆ.

ಯುಪಿಎಸ್‌ಗೆ ಕಂಪ್ಯೂಟರನ್ನು ಮಾತ್ರ ಜೋಡಿಸಿ ರೂಟರನ್ನು ಬಿಟ್ಟುಬಿಡುವುದು ಸಾಮಾನ್ಯ ಎಡವಟ್ಟು. ದೀಪ ಹೋದೊಡನೆ ರೂಟರ್ ಆರುತ್ತದೆ. ಯಂತ್ರ ಓಡುತ್ತಿದ್ದರೂ ಅದನ್ನು ತಲುಪುವ ದಾರಿಯಿಲ್ಲ. ಮಲೆನಾಡು, ಕರಾವಳಿಗಳಲ್ಲಿ ತೋಟದ ಮನೆಗೋ ಹೊರಗಿನ ಕೋಣೆಗೋ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯುವವರು ಸಿಡಿಲನ್ನು ಮರೆಯುವಂತಿಲ್ಲ. ಹತ್ತಿರದಲ್ಲೆಲ್ಲೋ ಬಡಿದ ಸಿಡಿಲಿನ ಹೊಡೆತ ಆ ತಂತಿಯ ಮೂಲಕ ಎರಡೂ ತುದಿಯ ಯಂತ್ರಗಳನ್ನು ಸುಟ್ಟುಹಾಕಬಲ್ಲದು. ಎರಡು ಕಟ್ಟಡಗಳ ನಡುವೆ ವಿದ್ಯುತ್ ಹರಿಯದ ಫೈಬರ್ ಕೇಬಲ್ ಹಾಕಿಸುವುದು ಇದಕ್ಕೆ ಸರಿಯಾದ ಉಪಾಯ.

ಬಾಗಿಲಿಗೆ ಬೀಗ

ಮನೆಯೊಳಗೆ ಮಾತ್ರ ಬಳಸುವವರೆಗೆ ಅಪಾಯ ಕಡಿಮೆ. ಹೊರಗಿನಿಂದಲೂ ಸಿಗಲಿ ಎಂದು ರೂಟರ್‌ನಲ್ಲಿ ದಾರಿ ತೆರೆದ ಕ್ಷಣದಿಂದ ಲೆಕ್ಕಾಚಾರ ಬದಲಾಗುತ್ತದೆ. ಆರ್‌ಡಿಪಿಯ 3389, ವಿಎನ್‌ಸಿಯ 5900 ಸಂಖ್ಯೆಯ ಪೋರ್ಟ್‌ಗಳು ತೆರೆದಿವೆಯೇ ಎಂದು ಜಗತ್ತಿನ ವಿಳಾಸಗಳನ್ನೆಲ್ಲ ತಡಕುವ ಯಂತ್ರಗಳು ಹಗಲಿರುಳೂ ದುಡಿಯುತ್ತಿರುತ್ತವೆ. ಸಿಕ್ಕ ಬಾಗಿಲಿಗೆ ಸಾವಿರಾರು ಪಾಸ್‌ವರ್ಡ್‌ಗಳನ್ನು ಒಂದಾದ ಮೇಲೊಂದರಂತೆ ಹಚ್ಚಿ ನೋಡುತ್ತವೆ. ಒಳಹೊಕ್ಕ ಮೇಲೆ ಕಡತಗಳನ್ನೆಲ್ಲ ಗೂಢಲಿಪಿಗೆ ಬದಲಿಸಿ ಹಣ ಕೇಳುವುದು ಈ ದಂಧೆಯ ರೂಢಿ. ಮಗುವಿನ ನಾಮಕರಣದ ಚಿತ್ರಗಳಿಂದ ಹಿಡಿದು ವರ್ಷಗಟ್ಟಲೆ ಬರೆದ ಹಸ್ತಪ್ರತಿಯವರೆಗೆ ಎಲ್ಲವೂ ಒಂದು ರಾತ್ರಿಯಲ್ಲಿ ಕೈತಪ್ಪಬಹುದು. 2019ರ ಮೇ ತಿಂಗಳಲ್ಲಿ ‘ಬ್ಲೂಕೀಪ್’ ಎಂಬ ದೋಷ ಬಯಲಾದಾಗ ಪಾಸ್‌ವರ್ಡ್ ಕೂಡ ಇಲ್ಲದೆ ಆರ್‌ಡಿಪಿಯೊಳಗೆ ನುಗ್ಗಬಹುದೆಂದು ತಿಳಿದು, ಬೆಂಬಲ ನಿಲ್ಲಿಸಿ ಐದು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ದುರಸ್ತಿ ಒದಗಿಸಬೇಕಾಯಿತು. ಪೋರ್ಟ್ ಸಂಖ್ಯೆಯನ್ನು ಬದಲಿಸಿದರೆ ಸಾಕೆಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದು ಬಾಗಿಲನ್ನು ಮನೆಯ ಇನ್ನೊಂದು ಬದಿಗೆ ಇಟ್ಟಂತೆಯೇ ವಿನಾ ಬೀಗ ಹಾಕಿದಂತಲ್ಲ.

ಸರಿಯಾದ ದಾರಿ ವಿಪಿಎನ್. ಹೊರಗಿನಿಂದ ಮೊದಲು ಗೂಢಲಿಪಿಯ ಸುರಂಗದ ಮೂಲಕ ಮನೆಯ ನೆಟ್‌ವರ್ಕ್‌ಗೆ ಬಂದು, ಆಮೇಲೆ ರಿಮೋಟ್ ಡೆಸ್ಕ್‌ಟಾಪ್ ತೆರೆಯಬೇಕು. 2020ರ ಮಾರ್ಚ್‌ನಲ್ಲಿ ಲಿನಕ್ಸ್‌ನ ತಿರುಳಿಗೇ ಸೇರ್ಪಡೆಯಾದ ‘ವೈರ್‌ಗಾರ್ಡ್’ ಇದಕ್ಕೆ ಹಗುರವಾದ, ಉಚಿತ ಸಾಧನ. ಅನೇಕ ಭಾರತೀಯ ಬ್ರಾಡ್‌ಬ್ಯಾಂಡ್ ಸಂಸ್ಥೆಗಳು ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುವುದರಿಂದ ರೂಟರ್‌ನಲ್ಲಿ ದಾರಿ ತೆರೆದರೂ ಪ್ರಯೋಜನವಾಗದು. ಅಂಥವರು ವೈರ್‌ಗಾರ್ಡ್ ಆಧಾರಿತ ‘ಟೇಲ್‌ಸ್ಕೇಲ್’ನಂಥ ಸೇವೆಗಳನ್ನು ಬಳಸಿದರೆ ದಾರಿ ತಾನಾಗಿ ಕೂಡುತ್ತದೆ. ಕಚೇರಿಯ ಕಡತಗಳಿರುವ ಯಂತ್ರವಾದರೆ ಇದಕ್ಕೆಲ್ಲ ಕಚೇರಿಯ ಲಿಖಿತ ಅನುಮತಿ ಪಡೆದಿರುವುದು ಕ್ಷೇಮ. ಮುಖ್ಯ ಕಡತಗಳ ಪ್ರತಿಯೊಂದು ಬಿಡಿ ಡಿಸ್ಕ್‌ನಲ್ಲಿರಲಿ. ಪ್ರತಿ ತೆಗೆದಾದ ಮೇಲೆ ಆ ಡಿಸ್ಕನ್ನು ಕಿತ್ತಿಡಬೇಕು. ಜೋಡಿಸಿಯೇ ಇಟ್ಟ ಡಿಸ್ಕ್ ಕೂಡ ಯಂತ್ರದೊಡನೆ ಗೂಢಲಿಪಿಯ ಪಾಲಾಗುತ್ತದೆ.

ಇದೇ ತಂತ್ರಜ್ಞಾನವನ್ನು ವಂಚಕರೂ ಬಲ್ಲರು. ಬ್ಯಾಂಕಿನಿಂದಲೋ ಕಂಪ್ಯೂಟರ್ ಸಂಸ್ಥೆಯಿಂದಲೋ ಎಂದು ಹೇಳಿಕೊಂಡು ಕರೆ ಮಾಡಿ, ‘ಒಂದು ಆ್ಯಪ್ ಹಾಕಿಕೊಳ್ಳಿ, ಒಂಬತ್ತಂಕಿಯ ಸಂಖ್ಯೆ ಹೇಳಿ’ ಎನ್ನುವವರು ಬಯಸುವುದು ರಿಮೋಟ್ ಡೆಸ್ಕ್‌ಟಾಪ್‌ನ ಪ್ರವೇಶವನ್ನೇ. ಇಂಥ ಆ್ಯಪ್‌ಗಳ ದುರ್ಬಳಕೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಮನೆಯಲ್ಲಿ ಒಬ್ಬರು ದಿನವೂ ರಿಮೋಟ್ ಡೆಸ್ಕ್‌ಟಾಪ್ ಬಳಸುವುದನ್ನು ನೋಡಿ ಅಭ್ಯಾಸವಾದ ಹಿರಿಯರು ಇಂಥ ಕೋರಿಕೆಯನ್ನು ಸಹಜವೆಂದೇ ಭಾವಿಸುವ ಸಂಭವವಿದೆ. ನಾವಾಗಿ ಕರೆದವರಿಗಲ್ಲದೆ ತಾವಾಗಿ ಕರೆ ಮಾಡಿದವರಿಗೆ ಪರದೆಯನ್ನು ಒಪ್ಪಿಸಬಾರದೆಂದು ಅವರಿಗೆ ಮೊದಲೇ ತಿಳಿಹೇಳಬೇಕು. ಅಕಸ್ಮಾತ್ ಒಪ್ಪಿಸಿಬಿಟ್ಟಿದ್ದರೆ ತಕ್ಷಣ ಫೋನಿನ ಡಾಟಾ ಮತ್ತು ವೈಫೈ ಎರಡನ್ನೂ ನಿಲ್ಲಿಸಿ, ಕಂಪ್ಯೂಟರ್ ಆಗಿದ್ದರೆ ನೆಟ್‌ವರ್ಕ್ ತಂತಿಯನ್ನು ಕಿತ್ತು, ಬೇರೊಂದು ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು.